ಉಸಿರು ಮೊದಲು, ಮೂಳೆ ಕೊನೆಗೆ

ಮಳೆ, ಜ್ವರ, ಉಳುಕು... ಮಲೆನಾಡಿನ ಏರಿಳಿತದಲ್ಲಿ ಓಡುವ ಹವ್ಯಾಸಿಗೆ ಅಡ್ಡಿಗಳಿಗೇನೂ ಬರವಿಲ್ಲ. ಅವಸರಪಟ್ಟು ಎದ್ದವರು ಮತ್ತೆ ಬೀಳುತ್ತಾರೆ. ಕೈಚೆಲ್ಲಿ ಕೂತವರು ಏಳುವುದೇ ಇಲ್ಲ. ಇವೆರಡರ ನಡುವೆ ಒಂದು ದಾರಿಯಿದೆ.

ದೀಪಾವಳಿ ಕಳೆದಿದೆ. ಮಳೆ ಹಿಂದೆ ಸರಿದಿದೆ. ಕೊಪ್ಪದ ಇಳಿಜಾರು ರಸ್ತೆಗಳ ಮೇಲೆ ಬೆಳಗಿನ ಮಂಜು ಇನ್ನೂ ಕರಗಿಲ್ಲ. ಹಾಲು ತರುವವರು, ಮೊದಲ ಬಸ್ಸಿಗೆ ಕಾಯುವವರು, ಹೋಟೆಲಿನ ಒಲೆ ಹಚ್ಚುವವರು... ಇಷ್ಟು ಮಂದಿ ಮಾತ್ರ ಎದ್ದಿರುವ ಹೊತ್ತು. ಇಂಥ ಮಂಜಿನೊಳಗಿಂದ ಯಾರಾದರೂ ಓಡಿಬಂದರೆ ಮಲೆನಾಡಿನಲ್ಲಿ ಏಳುವ ಮೊದಲ ಪ್ರಶ್ನೆ ಒಂದೇ: "ಎಂತ ಆಯ್ತು ಮಾರಾಯ್ರೇ, ಯಾರಾದ್ರೂ ಅಟ್ಟಿಸ್ಕಂಡು ಬರ್ತಿದಾರಾ?"

ಯಾರೂ ಅಟ್ಟಿಸಿಕೊಂಡು ಬರುತ್ತಿಲ್ಲ. ಬಹುಮಾನವೂ ಇಲ್ಲ, ಸರ್ಕಾರಿ ನೌಕರಿಯ ಆಸೆಯೂ ಇಲ್ಲ. ದಿನದ ಕೆಲಸ ಶುರುವಾಗುವ ಮೊದಲು ಐದು ಮೈಲಿ, ಹತ್ತು ಮೈಲಿ ಓಡಿ ಬರುವ ಸುಖಕ್ಕಾಗಿ ಓಡುವವರಿವರು. ಇವರಿಗೆ ತರಬೇತುದಾರನಿಲ್ಲ, ಮಾಲೀಸು ಮಾಡುವವನಿಲ್ಲ. ಕಾಲು ಉಳುಕಿದರೆ ಕೇಳುವವರೂ ಇಲ್ಲ. "ಈ ವಯಸ್ಸಿಗೆ ಇದೆಲ್ಲ ಬೇಕಿತ್ತಾ?" ಎನ್ನುವವರು ಮಾತ್ರ ಮನೆತುಂಬ ಇರುತ್ತಾರೆ.

ಓಡುವುದನ್ನು ಕಲಿಸುವವರು ಅಲ್ಲಲ್ಲಿ ಸಿಕ್ಕಾರು. ನಿಂತ ಮೇಲೆ ಮತ್ತೆ ಹೊರಡುವುದನ್ನು ಕಲಿಸುವವರು ಅಪರೂಪ. ಹವ್ಯಾಸಿ ಓಟಗಾರ ಸೋಲುವುದು ಸಾಮಾನ್ಯವಾಗಿ ಓಟದಲ್ಲಿ ಅಲ್ಲ, ಮರಳಿ ಬರುವಾಗ.

ಮೂರು ಊರು, ಮೂರು ನೆಲ

ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮದ ಮೂಲೆಯಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳು ಒಂದಕ್ಕೊಂದು ಅಂಟಿಕೊಂಡಿವೆ. ಆದರೆ ಓಡುವವನ ಕಾಲಿಗೆ ಮೂರೂ ಬೇರೆ ಬೇರೆ. ಕೊಪ್ಪದ್ದು ಗುಡ್ಡದ ಊರು. ಯಾವ ದಿಕ್ಕಿಗೆ ಹೊರಟರೂ ಒಂದು ಏರು, ಒಂದು ಇಳಿತ ಎದುರಾಗುತ್ತದೆ. ಶೃಂಗೇರಿ ತುಂಗೆಯ ದಂಡೆಯ ಊರು. ಅಲ್ಲಿಂದ ಕಿಗ್ಗದ ಕಡೆಗೆ ಹೊರಟರೆ ರಸ್ತೆ ಬೆಟ್ಟದತ್ತ ಮುಖ ಮಾಡುತ್ತದೆ. ಮಳೆ ಬರಲೆಂದೂ ಮಳೆ ನಿಲ್ಲಲೆಂದೂ ಜನ ಹರಕೆ ಹೊರುವ ಋಷ್ಯಶೃಂಗನ ಗುಡಿ ಇರುವ ಊರು ಅದು. ಅದರ ಮೇಲೆ ನರಸಿಂಹ ಪರ್ವತ. ಹಳೆಯ ಎಡೇಹಳ್ಳಿಯೇ ಇಂದಿನ ನರಸಿಂಹರಾಜಪುರ. ಅಲ್ಲಿ ಭದ್ರಾ ಜಲಾಶಯದ ಹಿನ್ನೀರು ಹರಡಿಕೊಂಡಿದೆ. ಆ ಕಡೆ ನೆಲ ತುಸು ಸಮ. ಏರಿಳಿತದ ಕಾಟ ಕಡಿಮೆ.

ಇಲ್ಲಿ ಓಟಕ್ಕೂ ಒಂದು ಪಂಚಾಂಗವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಆಗುಂಬೆಯ ನೆರೆಯ ಸೀಮೆ ಇದು. ಮಳೆ ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ. ರಸ್ತೆಯ ಅಂಚಿಗೆ ಪಾಚಿ, ಕಾಲಿಗೆ ಇಂಬಳ, ಹೊಂಡದ ಆಳ ತಿಳಿಯದಂತೆ ಮೇಲೆ ಕೆಸರುನೀರು. ಮಳೆ ನಿಂತಿತು ಎನ್ನುವಷ್ಟರಲ್ಲಿ ಅಡಿಕೆ ಕೊಯ್ಲು, ಅದರ ಹಿಂದೆಯೇ ಕಾಫಿ ಕೊಯ್ಲು. ಕೆಲಸದ ನಡುವೆ ಬಿಡುವೆಲ್ಲಿ? ಡಿಸೆಂಬರ್ ಬಂತೆಂದರೆ ಕಾಡಂಚಿನ ಊರುಗಳಲ್ಲಿ ಇನ್ನೊಂದು ಭಯ. ಅದು ಉಣುಗಿನ ಕಾಲ.

ವರ್ಷದಲ್ಲಿ ಒಂದಲ್ಲ ಒಂದು ಕಾರಣಕ್ಕೆ ಓಟ ನಿಂತೇ ನಿಲ್ಲುತ್ತದೆ. ಪ್ರಶ್ನೆ ಇರುವುದು ಅದರ ನಂತರ.

ಜ್ವರ ಬಿಟ್ಟರೂ ಜಡ ಬಿಡದು

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಹೊರಜಗತ್ತಿಗೆ ಗೊತ್ತಾದದ್ದು ಮಂಗನ ಕಾಯಿಲೆ. ಲೋಕದ ವೈದ್ಯಗ್ರಂಥಗಳಲ್ಲಿ ಇಂದಿಗೂ ಆ ಕಾಡಿನ ಹೆಸರಿನಲ್ಲೇ ಅದು ದಾಖಲಾಗಿದೆ. ಉಣುಗು ಕಚ್ಚಿ ಹರಡುವ ವೈರಸ್ ಇದು. ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ತಲೆಸಿಡಿತ, ಮೈಕೈ ಮುರಿಯುವಂಥ ನೋವು. ಕೆಲವರಲ್ಲಿ ಜ್ವರ ಬಿಟ್ಟು ಒಂದೆರಡು ವಾರ ಕಳೆದ ಮೇಲೆ ಮತ್ತೆ ಬಂದು ತಲೆಗೇರುವುದೂ ಉಂಟು. ಸೋಂಕು ತಗುಲಿದ ನೂರು ಮಂದಿಯಲ್ಲಿ ಮೂರರಿಂದ ಐವರು ಸಾಯುತ್ತಾರೆ. 2024ರ ಆರಂಭದಲ್ಲಿ ಕಾಯಿಲೆ ಕಾಣಿಸಿಕೊಂಡ ಸೀಮೆಗಳಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರವೂ ಇದ್ದವು.

ಬದುಕಿ ಉಳಿದವರ ಮಾತು ಏನು? ಜ್ವರ ಬಿಡುತ್ತದೆ, ಆದರೆ ಜಡ ಬಿಡುವುದಿಲ್ಲ. ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ನಿತ್ರಾಣ. ಬಾವಿಕಟ್ಟೆಯವರೆಗೆ ಹೋಗಿ ಬಂದರೆ ತೊಡೆ ನಡುಗುತ್ತದೆ. ಡೆಂಗಿ, ಇಲಿಜ್ವರ ಬಂದು ಹೋದವರಿಗೂ ಇದು ಹೊಸ ಅನುಭವವೇನಲ್ಲ.

ಓಡುವವರು ಎಡವುವುದು ಇಲ್ಲಿಯೇ. ಥರ್ಮಾಮೀಟರಿನಲ್ಲಿ ಜ್ವರ ಇಳಿದ ಮರುದಿನವೇ ಬೂಟು ಹಾಕಿಕೊಳ್ಳುವ ಆತುರ. ಒಂದು ಡಿಗ್ರಿ ಸೆಲ್ಸಿಯಸ್ ಜ್ವರ ಏರಿದರೆ ನಾಡಿ ನಿಮಿಷಕ್ಕೆ ಸುಮಾರು ಹತ್ತು ಬಡಿತ ಹೆಚ್ಚುತ್ತದೆ. ಅಂದರೆ ಮಲಗಿದ್ದಾಗಲೂ ಹೃದಯ ದುಡಿಯುತ್ತಲೇ ಇತ್ತು. ಸಾಲದ್ದಕ್ಕೆ ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೇ ಬಾವು ತರುತ್ತವೆ. ಹಾಗಾದದ್ದು ಖಚಿತವಾದರೆ ಮೂರರಿಂದ ಆರು ತಿಂಗಳು ಕಠಿಣ ವ್ಯಾಯಾಮ ಬಿಡಬೇಕೆಂದು ಹೃದಯತಜ್ಞರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಎದೆ ಹಿಡಿದಂತಾದರೆ, ನಡೆಯುವಾಗಲೇ ಏದುಸಿರು ಬಂದರೆ, ಎದೆಬಡಿತ ತಪ್ಪಿದಂತೆ ಅನ್ನಿಸಿದರೆ, ಕಣ್ಣು ಕತ್ತಲಿಟ್ಟರೆ ಅದು ಛಲ ತೋರಿಸುವ ಹೊತ್ತಲ್ಲ. ವೈದ್ಯರ ಬಳಿ ಹೋಗುವ ಹೊತ್ತು.

ಹಳೆಯ ಮಲೆನಾಡಿನ ಮನೆಗಳಲ್ಲಿ ಜ್ವರ ಬಿಟ್ಟವನನ್ನು ಕೂಡಲೇ ತೋಟಕ್ಕೆ ಕಳಿಸುತ್ತಿರಲಿಲ್ಲ. ಗಂಜಿ, ಪಥ್ಯ, ಜಗಲಿಯ ಬಿಸಿಲು; ಆಮೇಲೆ ಅಂಗಳ, ಆಮೇಲೆ ಕೊಟ್ಟಿಗೆ, ಕೊನೆಗೆ ತೋಟ. ಅಜ್ಜಿಯರಿಗೆ ಗೊತ್ತಿದ್ದ ಈ ಕ್ರಮವನ್ನು ಕ್ರೀಡಾವೈದ್ಯರು ಇಂದು ಕಾಗದದ ಮೇಲೆ ಬರೆದು ಕೊಡುತ್ತಾರೆ, ಅಷ್ಟೆ.

ಬೆಂಗಳೂರಿನ ಶಾಲಿನಿ

ಒಂದು ಸಣ್ಣ ಸೋಂಕು ಮನುಷ್ಯನನ್ನು ಎಲ್ಲಿಯವರೆಗೆ ಒಯ್ಯಬಹುದು, ಅಲ್ಲಿಂದ ಮನುಷ್ಯ ಎಷ್ಟು ದೂರ ಮರಳಿ ಬರಬಹುದು ಎಂಬುದಕ್ಕೆ ಕರ್ನಾಟಕದಲ್ಲೇ ಒಂದು ನಿದರ್ಶನವಿದೆ: ಬೆಂಗಳೂರಿನ ಶಾಲಿನಿ ಸರಸ್ವತಿ.

2012ರಲ್ಲಿ ಅವರು ಕಾಂಬೋಡಿಯಾ ಪ್ರವಾಸ ಮುಗಿಸಿ ಬಂದರು. ಬಂದ ಮೇಲೆ ಜ್ವರ. ಸಾಮಾನ್ಯ ಜ್ವರವೆಂದು ಕಂಡದ್ದು ರಿಕೆಟ್ಸಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕಾಗಿತ್ತು. ಉಣುಗು, ನುಸಿ, ಹೇನು, ಚಿಗಟಗಳ ಮೂಲಕ ಹರಡುವ ಜಾತಿ ಅದು. ಮಂಗನ ಕಾಯಿಲೆಯ ವೈರಸ್‌ಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಕಣ್ಣಿಗೆ ಕಾಣದಂಥ ಕಡಿತದಿಂದ ದೊಡ್ಡ ಅನಾಹುತ ಎಂಬುದು ಎರಡರಲ್ಲೂ ಒಂದೇ. ಸೋಂಕು ಕೈಕಾಲುಗಳನ್ನು ಕೊಳೆಸಿತು. ಎರಡು ಕೈ ಹೋದವು. ಎರಡು ಕಾಲು ಹೋದವು.

ಮುಂದಿನದು ನಿಧಾನದ ಕಥೆ. ಮೊದಲು ಹಾಸಿಗೆಯಿಂದ ಏಳುವುದು. ಆಮೇಲೆ ಕೃತಕ ಕಾಲುಗಳ ಮೇಲೆ ನಿಲ್ಲುವುದು. ಆಮೇಲೆ ನಡೆಯುವುದು. ನಡಿಗೆ ಕೈಗೂಡಿದ ಮೇಲೆ ಅವರು ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಹೋದರು, ತರಬೇತುದಾರ ಬಿ.ಪಿ. ಅಯ್ಯಪ್ಪ ಅವರ ಕೈಕೆಳಗೆ ಅಭ್ಯಾಸ ಶುರುವಾಯಿತು. ಓಡುವವರಿಗೆಂದೇ ಮಾಡುವ, ಬಿಲ್ಲಿನಂತೆ ಬಾಗಿದ ಬ್ಲೇಡು ಕಾಲುಗಳು ಬಂದವು. 2016ರ ಮೇ ತಿಂಗಳಲ್ಲಿ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟದಲ್ಲಿ ಸಾವಿರಾರು ಮಂದಿಯ ನಡುವೆ ಅವರೂ ಓಡಿದರು. 2021ರ ರಾಷ್ಟ್ರೀಯ ಪ್ಯಾರಾ ಅಥ್ಲೆಟಿಕ್ಸ್‌ನಲ್ಲಿ 100 ಮೀಟರ್ ಓಟದ ಚಿನ್ನವನ್ನೂ ಗೆದ್ದರು.

ಇಂಥ ಕಥೆ ಓದಿದಾಗ ನಮ್ಮ ಕಣ್ಣು ನೆಡುವುದು ಆ ಹತ್ತು ಕಿಲೋಮೀಟರಿನ ಮೇಲೆ. ನೋಡಬೇಕಾದದ್ದು ಇಸವಿಗಳನ್ನು. 2012ಕ್ಕೂ 2016ಕ್ಕೂ ನಡುವೆ ನಾಲ್ಕು ವರ್ಷಗಳಿವೆ. ಜ್ವರದಿಂದ ಎದ್ದು ನಾಲ್ಕು ವಾರ ಕಾಯಲಾಗದವರು ಆ ನಾಲ್ಕು ವರ್ಷಗಳ ಕಡೆ ಒಮ್ಮೆ ತಿರುಗಿ ನೋಡಬೇಕು.

ಮಲಗಿದ ಮೂರು ವಾರ

ಹಾಗೆಂದು ಮಲಗಿಯೇ ಇದ್ದರೆ? ಅದಕ್ಕೂ ಉತ್ತರವಿದೆ. ಉತ್ತರ ಕೊಟ್ಟವರು ಅಮೆರಿಕದ ಡಲ್ಲಾಸ್ ನಗರದ ಐವರು ಯುವಕರು.

1966ರಲ್ಲಿ ಅಲ್ಲಿನ ವೈದ್ಯವಿಜ್ಞಾನಿಗಳು ಇಪ್ಪತ್ತರ ಹರೆಯದ ಐದು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಎದ್ದು ನಡೆಯುವಂತಿಲ್ಲ. ಮೂರು ವಾರದ ಕೊನೆಗೆ ಅಳೆದು ನೋಡಿದರೆ, ದೇಹ ಆಮ್ಲಜನಕವನ್ನು ಬಳಸುವ ಗರಿಷ್ಠ ಸಾಮರ್ಥ್ಯ ಕಾಲುಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಆಮೇಲೆ ಎಂಟು ವಾರ ಕಟ್ಟುನಿಟ್ಟಿನ ವ್ಯಾಯಾಮ ಕೊಟ್ಟರು, ಕುಸಿದದ್ದು ಮೇಲೆದ್ದಿತು.

ಮೂವತ್ತು ವರ್ಷ ಕಳೆದ ಮೇಲೆ ಅದೇ ಐವರನ್ನು ಮತ್ತೆ ಕರೆಸಿದರು. ಈಗ ಅವರಿಗೆ ಐವತ್ತು. ಹೊಟ್ಟೆ ಬಂದಿತ್ತು, ತೂಕ ಏರಿತ್ತು. ಆದರೂ ಅಳೆದಾಗ ಸಿಕ್ಕ ಲೆಕ್ಕ ವಿಚಿತ್ರವಾಗಿತ್ತು: ಮೂವತ್ತು ವರ್ಷದ ಮುಪ್ಪು ಕಸಿದುಕೊಂಡದ್ದಕ್ಕಿಂತ ಹೆಚ್ಚನ್ನು ಅಂದು ಮೂರು ವಾರದ ಹಾಸಿಗೆ ಕಸಿದುಕೊಂಡಿತ್ತು! ಮತ್ತೂ ಸೊಗಸಾದ ಸಂಗತಿ ಮುಂದಿದೆ. ಈ ಐವತ್ತರ ಗಂಡಸರಿಗೆ ಆರು ತಿಂಗಳು ನಡಿಗೆ, ನಿಧಾನ ಓಟ, ಸೈಕಲ್ ಸವಾರಿಯನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಮಾಡಿಸಿದರು. ವಯಸ್ಸಿನಿಂದ ಕಳೆದುಹೋಗಿದ್ದ ಆ ಸಾಮರ್ಥ್ಯ ಪೂರ್ತಿ ವಾಪಸಾಯಿತು.

ಓಡುವವರಿಗೆ ಇದರಲ್ಲಿ ಎರಡು ಪಾಠಗಳಿವೆ. ವೈದ್ಯರು ಬೇಡವೆನ್ನದಿದ್ದರೆ ಹಾಸಿಗೆಗೇ ಅಂಟಿಕೊಳ್ಳಬಾರದು. ಜಗಲಿಯಿಂದ ಅಂಗಳಕ್ಕೆ ನಡೆದರೂ ಅದು ಅಭ್ಯಾಸವೇ. ಎರಡನೆಯದು, ಹೋದದ್ದು ಹೋಯಿತೆಂದು ಕೊರಗಬೇಕಾಗಿಲ್ಲ. ಚೆನ್ನಾಗಿ ಪಳಗಿದವರು ಪೂರ್ತಿ ಬಿಟ್ಟು ಕೂತಾಗ ಏನಾಗುತ್ತದೆಂದು 1984ರಲ್ಲಿ ಅಮೆರಿಕದಲ್ಲೇ ಇನ್ನೊಂದು ಅಧ್ಯಯನ ನಡೆಯಿತು. ಮೂರು ವಾರಕ್ಕೆ ಅವರ ಸಾಮರ್ಥ್ಯ ನೂರಕ್ಕೆ ಏಳರಷ್ಟು ಇಳಿದಿತ್ತು. ಎಂಟು ವಾರದ ಹೊತ್ತಿಗೆ ನೂರಕ್ಕೆ ಹದಿನಾರರಷ್ಟು ಇಳಿದು ಅಲ್ಲಿಗೆ ನಿಂತಿತು. ವಾರ ಓಡದಿದ್ದರೆ ಎಲ್ಲ ಮಣ್ಣುಪಾಲು ಎಂಬ ಭಯಕ್ಕೆ ಬುಡವಿಲ್ಲ.

ಉಸಿರಿನ ಮಾತು ನಂಬಬೇಡಿ

ಇಷ್ಟು ಸುಲಭವಾದರೆ ಮರಳಿ ಬಂದವರು ಮತ್ತೆ ಕುಂಟುವುದೇಕೆ? ದೇಹದ ಎಲ್ಲ ಭಾಗಗಳೂ ಒಟ್ಟಿಗೆ ಗುಣವಾಗುವುದಿಲ್ಲ, ಅದಕ್ಕೆ.

ಅಭ್ಯಾಸ ಶುರುಮಾಡಿದ ಒಂದೆರಡು ವಾರದಲ್ಲೇ ರಕ್ತದ ನೀರಿನಂಶ ಹೆಚ್ಚುತ್ತದೆ, ಹೃದಯ ಚುರುಕಾಗುತ್ತದೆ. ಉಸಿರು ಹಗುರವಾಗುತ್ತದೆ. ಸ್ನಾಯುಗಳು ಅದರ ಹಿಂದೆ ಬರುತ್ತವೆ. ಸ್ನಾಯುವನ್ನು ಮೂಳೆಗೆ ಬಿಗಿಯುವ ರಜ್ಜುಗಳಿಗೆ, ಮೂಳೆಗಳಿಗೆ ವಾರಗಳು ಸಾಲುವುದಿಲ್ಲ. ಅವುಗಳ ಲೆಕ್ಕ ತಿಂಗಳಿನದು. ಸಣ್ಣ ಬಿರುಕು ಬಿಟ್ಟ ಕಣಕಾಲಿನ ಮೂಳೆ ಕೂಡಲು ಸಾಮಾನ್ಯವಾಗಿ ಆರರಿಂದ ಎಂಟು ವಾರ ಬೇಕು. ಕೆಲವು ಮೂಳೆಗಳಿಗೆ ಇನ್ನೂ ಹೆಚ್ಚು. ಓಡುವಾಗ ಪ್ರತಿ ಹೆಜ್ಜೆಗೆ ನೆಲ ತಿರುಗಿ ಕೊಡುವ ಪೆಟ್ಟು ಮೈತೂಕದ ಎರಡು-ಮೂರು ಪಟ್ಟು. ನಿಧಾನವಾಗಿ ಓಡುವವರು ಒಂದು ಕಿಲೋಮೀಟರಿಗೆ ಸಾವಿರಕ್ಕೂ ಹೆಚ್ಚು ಹೆಜ್ಜೆ ಇಡುತ್ತಾರೆ. ಲೆಕ್ಕ ಹಾಕಿಕೊಳ್ಳಿ.

ಆದ್ದರಿಂದ ಮೂರನೆಯ ವಾರದಲ್ಲಿ "ಇವತ್ತು ಎಷ್ಟು ಬೇಕಾದರೂ ಓಡಬಲ್ಲೆ" ಎಂದು ಉಸಿರು ಹೇಳುತ್ತದೆ. ಅದು ಸುಳ್ಳಲ್ಲ. ಆದರೆ ಉಸಿರು ತನ್ನ ಪರವಾಗಿ ಮಾತ್ರ ಮಾತಾಡುತ್ತಿದೆ. ಮೂಳೆಗೆ ಬಾಯಿಲ್ಲ, ಅದು ಮಾತಾಡುವ ಹೊತ್ತಿಗೆ ತಡವಾಗಿರುತ್ತದೆ.

ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಏರು ಹತ್ತುವಾಗ ಉಸಿರು ಕಟ್ಟುತ್ತದೆ, ಹಾಗಾಗಿ ಎಲ್ಲರೂ ಏರಿಗೆ ಹೆದರುತ್ತಾರೆ. ಕಾಲಿಗೆ ನಿಜವಾದ ಹೊಡೆತ ಬೀಳುವುದು ಇಳಿಯುವಾಗ. ಇಳಿಜಾರಿನಲ್ಲಿ ತೊಡೆಯ ಸ್ನಾಯು ಹಿಗ್ಗುತ್ತಲೇ ಬಿಗಿ ಹಿಡಿಯಬೇಕು, ಇಳಿಜಾರಿನಲ್ಲಿ ಲಾರಿಯ ಬ್ರೇಕು ಹಿಡಿದಂತೆ. ಉಸಿರಿಗೆ ಅದು ತಿಳಿಯುವುದೇ ಇಲ್ಲ. ಮರುದಿನ, ಅದರ ಮರುದಿನ ಮೆಟ್ಟಿಲಿಳಿಯುವಾಗ ತಿಳಿಯುತ್ತದೆ.

ವಾರದಿಂದ ವಾರಕ್ಕೆ ನೂರಕ್ಕೆ ಹತ್ತರಷ್ಟು ಮಾತ್ರ ಹೆಚ್ಚಿಸಿದರೆ ಗಾಯವಿಲ್ಲ ಎಂಬ ಮಾತು ಓಟಗಾರರಲ್ಲಿ ವೇದವಾಕ್ಯದಂತೆ ನಡೆದುಬಂದಿದೆ. 2008ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಒಂದು ಅಧ್ಯಯನ ಐನೂರಕ್ಕೂ ಹೆಚ್ಚು ಹೊಸ ಓಟಗಾರರನ್ನು ಎರಡು ಗುಂಪು ಮಾಡಿ ಇದನ್ನು ಪರೀಕ್ಷಿಸಿತು. ಹತ್ತರ ಲೆಕ್ಕದಲ್ಲಿ ಹೋದವರಲ್ಲೂ ಬೇಗ ಹೆಚ್ಚಿಸಿದವರಲ್ಲೂ ಗಾಯಗೊಂಡವರು ಹೆಚ್ಚುಕಮ್ಮಿ ಒಂದೇ: ಐವರಲ್ಲಿ ಒಬ್ಬರು. ಒಂದೇ ಸೂತ್ರ ಎಲ್ಲ ಕಾಲುಗಳಿಗೆ ಹೊಂದುವುದಿಲ್ಲ. ಮರುದಿನ ಬೆಳಿಗ್ಗೆ ಕಾಲು ಏನು ಹೇಳುತ್ತದೆ ಎನ್ನುವುದೇ ಹೆಚ್ಚು ನಂಬಿಕೆಯ ಸೂಚನೆ.

ಮೆಟ್ಟಿಲ ಮೇಲಿನ ವೈದ್ಯ

ಹಿಮ್ಮಡಿಯ ಹಿಂದಿನ ದಪ್ಪ ರಜ್ಜುವಿನ ನೋವು ಓಡುವವರ ಹಳೆಯ ಶತ್ರು. ಅದಕ್ಕೆ ಮದ್ದು ಸಿಕ್ಕಿದ ಕಥೆ ಸ್ವಾರಸ್ಯದ್ದು. ಸ್ವೀಡನ್ನಿನ ಮೂಳೆವೈದ್ಯ ಹೋಕನ್ ಆಲ್‌ಫ್ರೆಡ್‌ಸನ್ ಸ್ವತಃ ಓಟದ ಹವ್ಯಾಸದವರು. ಅವರಿಗೇ ಈ ನೋವು ಹತ್ತಿತು. ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುತ್ತೇನೆಂದರೆ ಅವರ ಮೇಲಧಿಕಾರಿ ಒಪ್ಪಲಿಲ್ಲ. ರೋಸಿಹೋದ ವೈದ್ಯರು ರಜ್ಜು ಹರಿದೇ ಹೋಗಲಿ, ಆಗಲಾದರೂ ಶಸ್ತ್ರಚಿಕಿತ್ಸೆ ಸಿಕ್ಕೀತು ಎಂದು ಹಿಮ್ಮಡಿಯ ಮೇಲೆ ಭಾರ ಹಾಕತೊಡಗಿದರು. ರಜ್ಜು ಹರಿಯಲಿಲ್ಲ, ನೋವೇ ಹೋಯಿತು!

1998ರಲ್ಲಿ ಅವರೂ ಸಂಗಡಿಗರೂ ಇದೇ ಕ್ರಮವನ್ನು 15 ಮಂದಿ ಹವ್ಯಾಸಿಗಳ ಮೇಲೆ ಪ್ರಯೋಗಿಸಿ ಪ್ರಕಟಿಸಿದರು. ಹನ್ನೆರಡು ವಾರಗಳ ಕೊನೆಗೆ ಹದಿನೈದು ಮಂದಿಯೂ ಓಟಕ್ಕೆ ಮರಳಿದ್ದರು. ಕ್ರಮ ಸರಳ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಲ್ಲುವುದು, ನೋವಿಲ್ಲದ ಕಾಲಿನ ಬಲದಿಂದ ಮೇಲೇಳುವುದು, ನೋವಿರುವ ಕಾಲಿನ ಮೇಲೆ ಭಾರ ಬಿಟ್ಟು ಹಿಮ್ಮಡಿಯನ್ನು ಮೆಲ್ಲಗೆ ಕೆಳಗಿಳಿಸುವುದು. ಮೊಣಕಾಲು ನೇರವಾಗಿಟ್ಟು ಹದಿನೈದರಂತೆ ಮೂರು ಸಲ, ತುಸು ಮಡಿಸಿ ಮೂರು ಸಲ. ದಿನಕ್ಕೆ ಎರಡು ಹೊತ್ತು, ಹನ್ನೆರಡು ವಾರ. ಎಲ್ಲರಿಗೂ ಅಷ್ಟೇ ಫಲ ಸಿಗುತ್ತದೆಂದಲ್ಲ. ಮುಂದಿನ ಅಧ್ಯಯನಗಳಲ್ಲಿ ಫಲ ಕಡಿಮೆಯಾದದ್ದೂ ಇದೆ. ಆದರೆ ನೋವಿನ ಭಾಗವನ್ನು ಮುಟ್ಟದೆ ಕಾಪಾಡುವುದಕ್ಕಿಂತ ಹದವಾಗಿ ದುಡಿಸುವುದು ಮೇಲು ಎಂಬ ತಿಳಿವಳಿಕೆ ಗಟ್ಟಿಯಾಯಿತು. ಕೊಪ್ಪದ ಯಾವ ಮನೆಯ ಜಗಲಿಗೂ ಒಂದು ಮೆಟ್ಟಿಲು ಇದ್ದೇ ಇರುತ್ತದೆ. ಬೇರೆ ಉಪಕರಣ ಬೇಕಾಗಿಲ್ಲ.

ಗೆದ್ದವಳು, ಸೋತವನು

ಮರಳಿ ಬರುವ ಕಥೆಗಳಲ್ಲಿ ಅಮೆರಿಕದ ಜೋನ್ ಬೆನಾಯ್ಟ್ ಅವರದು ಪ್ರಸಿದ್ಧ. 1981ರಲ್ಲಿ ಎರಡೂ ಹಿಮ್ಮಡಿಗಳಿಗೆ ಶಸ್ತ್ರಚಿಕಿತ್ಸೆ. 1983ರಲ್ಲಿ ಬಾಸ್ಟನ್ ಮ್ಯಾರಥಾನಿನಲ್ಲಿ 2 ಗಂಟೆ 22 ನಿಮಿಷ 43 ಸೆಕೆಂಡಿನ ವಿಶ್ವದಾಖಲೆ. 1984ರ ವಸಂತದಲ್ಲಿ ಮೊಣಕಾಲು ಕೈಕೊಟ್ಟಿತು. ಏಪ್ರಿಲ್ 25ರಂದು ಶಸ್ತ್ರಚಿಕಿತ್ಸೆ. ಒಲಿಂಪಿಕ್ ಆಯ್ಕೆಯ ಓಟ ಮೇ 12ಕ್ಕೆ. ನಡುವೆ ಇದ್ದದ್ದು 17 ದಿನ. ನೋವಿದ್ದ ಕಾಲನ್ನು ಕಾಪಾಡಲು ಹೋಗಿ ತೊಡೆಯ ಹಿಂಭಾಗದ ಸ್ನಾಯುವಿಗೂ ಪೆಟ್ಟಾಯಿತು. ಆದರೂ ಆಯ್ಕೆಯ ಓಟ ಗೆದ್ದರು. ಆಗಸ್ಟ್ 5ರಂದು ಲಾಸ್ ಏಂಜಲೀಸ್‌ನಲ್ಲಿ ಒಲಿಂಪಿಕ್ಸ್‌ನ ಮೊಟ್ಟಮೊದಲ ಮಹಿಳಾ ಮ್ಯಾರಥಾನನ್ನೂ ಗೆದ್ದರು.

ಈ ಹದಿನೇಳು ದಿನಗಳ ಸಾಹಸ ಹವ್ಯಾಸಿಗೆ ಮಾದರಿಯಲ್ಲ. ಅವರ ಸುತ್ತ ವೈದ್ಯರಿದ್ದರು. ಒಲಿಂಪಿಕ್ಸ್ ನಾಲ್ಕು ವರ್ಷಕ್ಕೊಮ್ಮೆ ಬರುತ್ತದೆ. ನರಸಿಂಹರಾಜಪುರದ ಹಿನ್ನೀರಿನ ರಸ್ತೆ ಮುಂದಿನ ತಿಂಗಳೂ ಅಲ್ಲೇ ಇರುತ್ತದೆ.

ಹವ್ಯಾಸಿಗೆ ಹೆಚ್ಚು ಹತ್ತಿರದ್ದು ಚೆಕೊಸ್ಲೊವಾಕಿಯಾದ ಎಮಿಲ್ ಜಾಟೊಪೆಕ್ ಅವರ ಕಥೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಐದು ಸಾವಿರ ಮೀಟರ್, ಹತ್ತು ಸಾವಿರ ಮೀಟರ್, ಮ್ಯಾರಥಾನ್ ಮೂರನ್ನೂ ಗೆದ್ದ ಮಹಾನುಭಾವ. 1956ರಲ್ಲಿ ಹರ್ನಿಯಾ ಶಸ್ತ್ರಚಿಕಿತ್ಸೆ ಆಯಿತು. ಆ ವರ್ಷದ ಕೊನೆಗೆ ಮೆಲ್ಬರ್ನ್ ಮ್ಯಾರಥಾನಿನಲ್ಲಿ ಓಡಿ ಆರನೆಯವರಾಗಿ ಬಂದರು. ಮೊದಲು ಬಂದವರು ಫ್ರಾನ್ಸಿನ ಅಲೆನ್ ಮಿಮೂನ್. ವರ್ಷಗಟ್ಟಲೆ ಜಾಟೊಪೆಕ್ ಹಿಂದೆಯೇ ಓಡಿ ಎರಡನೆಯವರಾಗಿ ಉಳಿದಿದ್ದ ಗೆಳೆಯ. ಗೆದ್ದ ಮೇಲೆ ಅವರು ಕ್ರೀಡಾಂಗಣ ಬಿಟ್ಟು ಹೋಗಲಿಲ್ಲ. ಜಾಟೊಪೆಕ್ ಬರುವವರೆಗೆ ಕಾದರು. ಬಂದ ಮೇಲೆ ತಬ್ಬಿಕೊಂಡರು. ಆ ಆರನೆಯ ಸ್ಥಾನವನ್ನು ಸೋಲೆಂದು ಯಾರೂ ಕರೆಯಲಿಲ್ಲ.

ಮೊದಲಿನ ವೇಗ ಮರಳಿ ಬರಲೇಬೇಕೆಂದಿಲ್ಲ. ಮರಳಿ ಬರಬೇಕಾದದ್ದು ಓಡುವವನು.

ಜಗಲಿಯಿಂದ ಕಿಗ್ಗದವರೆಗೆ

ಹಾಗಾದರೆ ಹೊರಡುವುದು ಹೇಗೆ? ಓಡುವುದಕ್ಕಿಂತ ಮೊದಲು ನಡಿಗೆ. ಅರ್ಧ ಗಂಟೆ ಬಿರುಸಿನಿಂದ ನಡೆದರೂ ನೋವಿಲ್ಲ, ಮರುದಿನವೂ ಇಲ್ಲ ಎನ್ನುವಂತಾಗಬೇಕು. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಹತ್ತು ಸಲ. ಮರುದಿನ ಬಿಡುವು. ಓಡುತ್ತ ಪೂರ್ತಿ ವಾಕ್ಯ ಮಾತಾಡಲು ಆಗಬೇಕು; ಎರಡು ಪದಕ್ಕೊಮ್ಮೆ ಉಸಿರೆಳೆಯುವಂತಾದರೆ ವೇಗ ಹೆಚ್ಚಾಯಿತೆಂದೇ ಲೆಕ್ಕ.

ದೂರ, ವೇಗ, ಏರಿಳಿತ: ಈ ಮೂರರಲ್ಲಿ ಒಂದು ವಾರಕ್ಕೆ ಒಂದನ್ನೇ ಹೆಚ್ಚಿಸಬೇಕು. ಮೊದಲು ದೂರ, ಕೊನೆಗೆ ಏರಿಳಿತ. ಮೊದಲ ವಾರಗಳಿಗೆ ಸಮನೆಲವೇ ಸರಿ. ಹಿನ್ನೀರಿನ ಕಡೆಯವರಿಗೆ ಅದು ಕಷ್ಟವಿಲ್ಲ. ಕೊಪ್ಪದವರು ಶಾಲೆಯ ಆಟದ ಮೈದಾನ ಸುತ್ತಿದರೂ ಆದೀತು. ಬೇಸರವೆನಿಸಬಹುದು, ಆದರೆ ಮೂಳೆಗೆ ಬೇಸರವಿಲ್ಲ. ಏರು ಶುರುಮಾಡಿದಾಗ ಹತ್ತುವಾಗ ಓಡಿ, ಇಳಿಯುವಾಗ ನಡೆಯಬೇಕು. ಕಿಗ್ಗದ ದಾರಿ, ನರಸಿಂಹ ಪರ್ವತದ ಹಾದಿ ಎಲ್ಲಕ್ಕಿಂತ ಕೊನೆಗೆ.

ಕಾಡಂಚಿನಲ್ಲಿ ಓಡುವವರು ಡಿಸೆಂಬರಿನಿಂದ ಮೇವರೆಗೆ ಕಾಲುದಾರಿ ಬಿಟ್ಟು ಡಾಂಬರು ರಸ್ತೆ ಹಿಡಿಯುವುದು ಕ್ಷೇಮ. ಆರೋಗ್ಯ ಇಲಾಖೆಯವರು ಹಂಚುವ ಡೆಪಾ ತೈಲ ಹಚ್ಚಿಕೊಂಡು ಹೊರಡಬೇಕು. ಮನೆಗೆ ಬಂದೊಡನೆ ಬಟ್ಟೆ ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ, ಮಂಡಿಯ ಹಿಂಭಾಗ, ತೊಡೆಸಂದಿ, ಕಂಕುಳು ನೋಡಿಕೊಳ್ಳಬೇಕು. ಮಂಗ ಸತ್ತುಬಿದ್ದಿರುವುದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು.

ಪ್ರತಿದಿನದ ಲೆಕ್ಕ ಒಂದು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು. ಓಡಿದ ಕಿಲೋಮೀಟರಿಗಿಂತ ಮುಖ್ಯವಾಗಿ ಮರುದಿನ ಬೆಳಿಗ್ಗೆಯ ಮಾತು: ಮೊದಲ ಹೆಜ್ಜೆಗೆ ನೋವಿತ್ತೇ? ಎದ್ದೊಡನೆ ನಾಡಿ ಎಷ್ಟಿತ್ತು? ನಿದ್ದೆ ಬಂದಿತ್ತೇ? ನಾಡಿ ಎಂದಿಗಿಂತ ಏರಿದ್ದರೆ ಅಂದು ಬಿಡುವು. ಹಿಂದಿನ ವರ್ಷದ ಪುಸ್ತಕವನ್ನು ಕಪಾಟಿನೊಳಗಿಟ್ಟು ಬೀಗ ಹಾಕುವುದು ಲೇಸು. ಹಳೆಯ ತನ್ನೊಡನೆ ಪಂದ್ಯ ಕಟ್ಟಿ ಕಾಲು ಮುರಿದುಕೊಂಡವರೇ ಹೆಚ್ಚು.

ಒಂಟಿ ಓಟವಲ್ಲ

ಇದೇ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಹುಡುಗಿ ರಕ್ಷಿತಾ ರಾಜು. ಕಣ್ಣು ಕಾಣದು. ತಂದೆ ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡಾಗ ಸಾಕಿ ಬೆಳೆಸಿದವರು ಅಜ್ಜಿ. 2018ರ ಜಕಾರ್ತಾ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 1500 ಮೀಟರ್ ಓಟದ ಚಿನ್ನ, 2023ರಲ್ಲಿ ಹಾಂಗ್‌ಝೌನಲ್ಲಿ ಮತ್ತೆ ಚಿನ್ನ. 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲೂ ಓಡಿದರು. ಅವರು ಓಡುವಾಗ ಪಕ್ಕದಲ್ಲಿ ಇನ್ನೊಬ್ಬರು ಓಡುತ್ತಾರೆ. ಇಬ್ಬರ ಕೈಗಳ ನಡುವೆ ಒಂದು ಗೇಣಿನಷ್ಟು ದಾರ. ಮುಂದೆ ತಿರುವಿದೆ, ಈಗ ವೇಗ ಹೆಚ್ಚಿಸು ಎಂದು ಹೇಳುವ ಕಣ್ಣು ಆ ಜೊತೆಗಾರನದು.

ಬಿದ್ದು ಎದ್ದವರಿಗೂ ಅಂಥದೊಂದು ದಾರ ಬೇಕು. ಇವತ್ತು ಇಷ್ಟು ಸಾಕು ಎಂದು ಹೇಳುವ ಒಬ್ಬರು. ಅದು ಜೊತೆಗೆ ಓಡುವ ಗೆಳೆಯ ಆಗಬಹುದು, ತಾಲ್ಲೂಕು ಆಸ್ಪತ್ರೆಯ ವೈದ್ಯರಾಗಬಹುದು, ಬೆಳಿಗ್ಗೆ ಬಾಗಿಲಲ್ಲಿ ನಿಂತು "ಈ ವಯಸ್ಸಿಗೆ ಇದೆಲ್ಲ ಬೇಕಾ?" ಎಂದು ಗದರುವ ಮನೆಯಾಕೆಯೂ ಆಗಬಹುದು. ಆಕೆಯ ಮಾತಿನಲ್ಲಿ ಅರ್ಧ ಸತ್ಯವಿದೆ: ಇವತ್ತಿಗೆ ಬೇಡದಿರಬಹುದು. ನಾಳಿದ್ದಿಗೆ ಬೇಕು.

ಕೊಪ್ಪದ ರಸ್ತೆಯಲ್ಲಿ ಮಂಜು ಈಗ ಕರಗಿದೆ. ಮಳೆಗಾಲವಿಡೀ ನಿಂತಿದ್ದ ಕಾಲೊಂದು ಒಂದು ನಿಮಿಷ ಓಡಿ, ಎರಡು ನಿಮಿಷ ನಡೆದು, ಮತ್ತೆ ಒಂದು ನಿಮಿಷ ಓಡುತ್ತಿದೆ. ಬಸ್ಸಿಗೆ ಕಾಯುತ್ತಿರುವವರು ನಗುತ್ತಾರೆ: "ಎಂತ ಮಾರಾಯ್ರೇ, ಇಷ್ಟಕ್ಕೇ ಸುಸ್ತಾ?" ಸುಸ್ತಲ್ಲ. ಉಸಿರು ಬೇಗ ಬಂದು ಮುಂದೆ ನಿಂತಿದೆ. ಹಿಂದೆ ಬರುತ್ತಿರುವ ಮೂಳೆಗಾಗಿ ಕಾಯುತ್ತಿದೆ.